ಕಿಲೋಮೀಟರಿಗೆ ಐದು ಸಾವಿರ

ನಾನು ಓಡಲು ಶುರುಮಾಡಿದ ಮೊದಲ ದಿನ, 2022ರ ಜೂನ್ ತಿಂಗಳಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಎರಡು ನಿಮಿಷ ಓಡಿ ಐದು ನಿಮಿಷ ಬೆಂಚಿನ ಮೇಲೆ ಕುಳಿತೆ. ವಾಕಿಂಗ್‌ಗೆ ಬಂದಿದ್ದ ಹಿರಿಯರೊಬ್ಬರು ನೀರಿನ ಬಾಟಲಿ ಮುಂದೆ ಹಿಡಿದು, “ಮನೆಯವರಿಗೆ ಫೋನ್ ಮಾಡಬೇಕೇ?” ಎಂದು ಕೇಳಿದರು. ಆಗ ನನಗೆ ನಲವತ್ತಾರು. ಸಕ್ಕರೆ ಕಾಯಿಲೆಯ ಹೊಸ್ತಿಲಿನಲ್ಲಿದ್ದೀರಿ ಎಂದು ಡಾಕ್ಟರು ಹೆದರಿಸಿದ್ದರಿಂದ ಬೂಟು ಕೊಂಡಿದ್ದೆ, ಅಷ್ಟೇ. 2024ರ ಜನವರಿ 21ರಂದು ಮುಂಬೈ ಮ್ಯಾರಥಾನಿನಲ್ಲಿ ಪೂರ್ತಿ 42.195 ಕಿಲೋಮೀಟರ್ ಮುಗಿಸಿದೆ. ತೆಗೆದುಕೊಂಡ ಸಮಯ 5 ಗಂಟೆ 41 ನಿಮಿಷ. ಆ ಓಟದ ಹೆಸರಿನಲ್ಲಿ ಕೂಡಿದ ಹಣ 2,37,651 ರೂಪಾಯಿ. ಎರಡರಲ್ಲಿ ಕಷ್ಟದ್ದು ಯಾವುದು ಎಂದು ಕೇಳಿದವರಿಗೆಲ್ಲ ಹಣ ಕೇಳುವುದು ಎಂದೇ ಹೇಳುತ್ತೇನೆ. ಯಾರೂ ನಂಬುವುದಿಲ್ಲ. ಇಪ್ಪತ್ತೆರಡು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಹಣದ ಮಾತು ಕಷ್ಟವೇ ಎನ್ನುತ್ತಾರೆ.

ಕಷ್ಟಕ್ಕೆ ಕಾರಣ ಅಪ್ಪ. ಅವರು ವಾರಾನ್ನದಲ್ಲಿ ಓದಿದವರು. ಐವತ್ತರ ದಶಕದ ಮೈಸೂರು, ಹಳ್ಳಿಯಿಂದ ಬಂದ ಹುಡುಗ, ವಾರದ ಏಳು ದಿನಕ್ಕೆ ಏಳು ಮನೆ. ಒಮ್ಮೆ ಗುರುವಾರದ ಮನೆಗೆ ಬೀಗ ಹಾಕಿತ್ತಂತೆ. ಬೀದಿಯ ನಲ್ಲಿಯಲ್ಲಿ ನೀರು ಕುಡಿದು ತರಗತಿಗೆ ಹೋದರಂತೆ. ನೌಕರಿ ಸಿಕ್ಕ ದಿನವೇ ಇನ್ನು ಯಾರ ಮುಂದೆಯೂ ಕೈ ಚಾಚುವುದಿಲ್ಲ ಎಂದು ನಿಶ್ಚಯಿಸಿದರು. ಆ ನಿಶ್ಚಯವೇ ನಮಗೆ ಬಂದ ಪಿತ್ರಾರ್ಜಿತ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕಡ ತರುವುದೂ ನಮ್ಮಲ್ಲಿ ನಿಷಿದ್ಧವಾಗಿತ್ತು.

ಅಂಥ ಅಪ್ಪ 2023ರ ಮಾರ್ಚಿನಲ್ಲಿ ತಮ್ಮ ಕೊನೆಯ ಹತ್ತೊಂಬತ್ತು ದಿನಗಳನ್ನು ಕಳೆದದ್ದು, ವಾಸಿಯಾಗದ ರೋಗಿಗಳ ನೋವು ಕಡಿಮೆ ಮಾಡಿ ನೋಡಿಕೊಳ್ಳುವ ಒಂದು ಸಣ್ಣ ಆರೈಕೆ ಕೇಂದ್ರದಲ್ಲಿ. ದಿನಕ್ಕೆರಡು ಬಾರಿ ಒಂದೇ ಪ್ರಶ್ನೆ: “ಬಿಲ್ ಕಟ್ಟಿದೆಯಾ?” ಕಟ್ಟಿದೆನಪ್ಪ ಎನ್ನುತ್ತಿದ್ದೆ. ಅಲ್ಲಿ ಬಿಲ್ಲೇ ಇರಲಿಲ್ಲ. ದಾನದಿಂದ ನಡೆಯುವ ಜಾಗ ಅದು. ತಿಥಿ ಮುಗಿದ ಮೇಲೆ ಹೋಗಿ ವಿಚಾರಿಸಿದೆ. ಒಬ್ಬ ರೋಗಿಯ ಒಂದು ದಿನದ ಆರೈಕೆಗೆ ಸುಮಾರು 1,800 ರೂಪಾಯಿ ಬೀಳುತ್ತದೆ ಎಂದರು. ನನ್ನ ಸಾಮರ್ಥ್ಯದ ಚೆಕ್ ಬರೆದುಕೊಟ್ಟೆ, ಆದರೂ ಲೆಕ್ಕ ಚುಕ್ತಾ ಆದಂತೆ ಅನಿಸಲಿಲ್ಲ.

ಅಷ್ಟರಲ್ಲಿ ಒಂದು ಅರ್ಧ ಮ್ಯಾರಥಾನ್ ಮುಗಿಸಿದ್ದೆ. ಮುಂಬೈ ಓಟ 2004ರಿಂದ ನಡೆಯುತ್ತಿದೆ, ಅಲ್ಲಿ ಸಾವಿರಾರು ಜನ ಒಂದಲ್ಲ ಒಂದು ಸಂಸ್ಥೆಗಾಗಿ ಓಡುತ್ತಾರೆ ಎಂದು ತಿಳಿದಿತ್ತು. ಅದಕ್ಕೆ ಯುನೈಟೆಡ್ ವೇ ಮುಂಬೈ ಎಂಬ ಸೇವಾಸಂಸ್ಥೆಯ ಮೂಲಕ ಅಧಿಕೃತ ವ್ಯವಸ್ಥೆಯೂ ಇದೆ. ನನ್ನ ಕೇಂದ್ರ ಆ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಪ್ರವೇಶ ಶುಲ್ಕ, ರೈಲು, ಬೂಟು ಎಲ್ಲ ನನ್ನ ಖರ್ಚು. ದಾನ ನೇರವಾಗಿ ಸಂಸ್ಥೆಯ ಖಾತೆಗೆ. ಒಂದು ರೂಪಾಯಿಯೂ ನನ್ನ ಖಾತೆಯ ಮೂಲಕ ಹಾಯಬಾರದು ಎಂದು ತೀರ್ಮಾನಿಸಿದೆ. ಗುರಿ, ಕಿಲೋಮೀಟರಿಗೆ ಐದು ಸಾವಿರ. ಅಂದರೆ 2,10,975 ರೂಪಾಯಿ. ಆ ಚಿಲ್ಲರೆ 195 ಮೀಟರ್ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದಲ್ಲಿ ರಾಜಮನೆತನ ಕುಳಿತಿದ್ದ ಕಡೆಯವರೆಗೆ ಅಳೆದಾಗ ಹಾಗೆ ಬಂತಂತೆ. ಹೆಂಡತಿ ತಕ್ಷಣ 975 ರೂಪಾಯಿ ಎಣಿಸಿಟ್ಟಳು. “ಕೊನೆಯ 195 ಮೀಟರ್ ನನ್ನದು. ಅಲ್ಲಿಯವರೆಗೆ ನಿಮ್ಮ ಪಾಡು” ಎಂದಳು.

ತರಬೇತಿ ಕೊಟ್ಟವರು ಕೆರೆಯ ದಂಡೆಯಲ್ಲೇ ಪರಿಚಯವಾದ ನಿವೃತ್ತ ಪಿ.ಟಿ. ಮೇಷ್ಟ್ರು. ಅವರ ಮೊದಲ ಪಾಠವೇ ನಿಧಾನ. ನನ್ನ ಕೈಗಡಿಯಾರ ಬಿಚ್ಚಿಸಿ, “ಹದಿನೇಳರ ಮಗ್ಗಿ ಹೇಳುತ್ತ ಓಡಿ. ಹದಿನೇಳೇಳ್ಲಿ ನೂರಹತ್ತೊಂಬತ್ತರ ಹತ್ತಿರ ಉಸಿರು ಸಿಕ್ಕಿಕೊಂಡರೆ ಅದು ನಿಮ್ಮ ವೇಗವಲ್ಲ” ಎಂದರು. ಮಾತನಾಡಲು ಆಗುವಷ್ಟು ನಿಧಾನವಾಗಿ ಓಡಬೇಕು ಎಂಬ ನಿಯಮ ಎಲ್ಲ ಕಡೆಯೂ ಇದೆ. ಮಗ್ಗಿ ಮಾತ್ರ ಮೇಷ್ಟ್ರ ಸ್ವಂತದ್ದು. ಎದುರಿನಿಂದ ಬರುವವರು ಮಂತ್ರ ಜಪಿಸುತ್ತಿದ್ದಾನೆ ಎಂದು ಭಾವಿಸಿ ದಾರಿ ಬಿಡುತ್ತಿದ್ದರು.

ವಾರಕ್ಕೆ ನಾಲ್ಕು ದಿನ ಓಟ. ಮಂಗಳವಾರ, ಗುರುವಾರ ಎಂಟರಿಂದ ಹತ್ತು ಕಿಲೋಮೀಟರ್, ಶುಕ್ರವಾರ ಐದು, ಭಾನುವಾರ ಉದ್ದದ ಓಟ. ಬುಧವಾರ ಚಾಮುಂಡಿ ಬೆಟ್ಟದ ಮೆಟ್ಟಿಲು, ಸಾವಿರದೆಂಟೂ. ಭಾನುವಾರದ ದೂರವನ್ನು ಮೂರು ವಾರ ಸ್ವಲ್ಪ ಸ್ವಲ್ಪವೇ ಏರಿಸಿ ನಾಲ್ಕನೆಯ ವಾರ ಇಳಿಸುವುದು: ಹದಿನಾರು, ಹದಿನೆಂಟು, ಇಪ್ಪತ್ತು, ಮತ್ತೆ ಹದಿನಾಲ್ಕು. ಇಳಿಸುವ ವಾರದಲ್ಲೇ ಕಾಲು ಗಟ್ಟಿಯಾಗುವುದು ಎಂದು ಮೇಷ್ಟ್ರು ಎಷ್ಟು ಹೇಳಿದರೂ ನನಗೆ ಸೋಮಾರಿತನ ಮಾಡಿದಂತೆ ಅನಿಸುತ್ತಿತ್ತು. ಗರಿಷ್ಠ 32 ಕಿಲೋಮೀಟರ್, ಒಮ್ಮೆ ಮಾತ್ರ, ಓಟಕ್ಕೆ ಮೂರು ವಾರ ಮೊದಲು, ಡಿಸೆಂಬರ್ 31ರಂದು ಶ್ರೀರಂಗಪಟ್ಟಣಕ್ಕೆ ಹೋಗಿ ಬಂದು. ಆಮೇಲೆ ಮೂರು ವಾರವೂ ಇಳಿಕೆ.

ತಿನ್ನುವುದನ್ನು ಓಡುವಷ್ಟೇ ಅಭ್ಯಾಸ ಮಾಡಬೇಕು. ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಸುಮಾರು ಮೂವತ್ತು ಕಿಲೋಮೀಟರಿನ ಹೊತ್ತಿಗೆ ಬರಿದಾಗುತ್ತದೆ. ಉಳಿತಾಯ ಖಾತೆ ಖಾಲಿಯಾದ ಮೇಲೆ ಚೆಕ್ ಬೌನ್ಸ್ ಆದ ಹಾಗೆ ಕಾಲು ನಿಂತುಬಿಡುತ್ತದೆ. ಆದ್ದರಿಂದ ಖಾಲಿಯಾಗುವ ಮೊದಲೇ ಜಮಾ ಮಾಡುತ್ತಿರಬೇಕು. ಓಟಗಾರರಿಗೆಂದೇ ಮಾರುವ ದುಬಾರಿ ಸಿಹಿ ಜೆಲ್ ನುಂಗಿ ಗಂಜಾಂ ರಸ್ತೆಯಲ್ಲಿ ವಾಂತಿ ಮಾಡಿಕೊಂಡೆ. ಕಡಲೆ ಮಿಠಾಯಿ ಒಣಗಿದ ಬಾಯಿಗೆ ಮೆತ್ತಿಕೊಂಡಿತು. ಕೊನೆಗೆ ಒಗ್ಗಿದ್ದು ಬೀಜ ತೆಗೆದ ಖರ್ಜೂರ, ಬೆಲ್ಲದ ಚೂರು, ಏಲಕ್ಕಿ ಬಾಳೆ. ಮುಕ್ಕಾಲು ಗಂಟೆಗೊಮ್ಮೆ ಏನಾದರೊಂದು. ಬರೀ ನೀರನ್ನು ಹೊಟ್ಟೆ ತುಂಬ ಕುಡಿದರೂ ಅಪಾಯ, ರಕ್ತದ ಉಪ್ಪಿನಂಶ ಇಳಿದುಹೋಗುತ್ತದೆ. ಅದಕ್ಕೆ ಜೇಬಿನಲ್ಲಿ ಓಆರ್‌ಎಸ್ ಪುಡಿ. ತೊಡೆಗಳ ಸಂದಿಗೆ ವ್ಯಾಸಲಿನ್, ಎದೆಯ ತೊಟ್ಟುಗಳಿಗೆ ಅಂಟುಪಟ್ಟಿ. ಇದನ್ನು ಹೇಳಲು ಎಲ್ಲರೂ ನಾಚುತ್ತಾರೆ, ಬೆವರಿನಿಂದ ಒದ್ದೆಯಾದ ಬನಿಯನ್ ಉಜ್ಜಿ ರಕ್ತ ಬಂದ ಮೇಲೆ ತಿಳಿದುಕೊಳ್ಳುತ್ತಾರೆ.

ಇನ್ನು ಕೇಳುವ ಕೆಲಸ. ಆಗಸ್ಟ್ 15ರಂದು ವಾಟ್ಸ್ಆ್ಯಪಿನಲ್ಲಿ 312 ಜನರಿಗೆ ಒಂದೇ ಸಂದೇಶ ಕಳುಹಿಸಿದೆ. ಎದುರಿಗೆ ನಿಂತು ಕೇಳುವುದು ತಪ್ಪಿತಲ್ಲ ಎಂದು ನೆಮ್ಮದಿ. ಒಂದು ವಾರದಲ್ಲಿ ಎಪ್ಪತ್ತು ಹೆಬ್ಬೆರಳು, ನಲವತ್ತು ಕೈಮುಗಿದ ಚಿತ್ರ, ಹಣ ಕೊಟ್ಟವರು ನಾಲ್ವರು. ಎಲ್ಲರಿಗೂ ಕೇಳಿದ್ದನ್ನು ಯಾರೂ ತಮಗೆ ಕೇಳಿದ್ದೆಂದು ತಿಳಿಯಲಿಲ್ಲ. ತಪ್ಪು ಅವರದಲ್ಲ. ನಾನು ಕೇಳಿರಲೇ ಇಲ್ಲ, ಕೇಳಿದಂತೆ ಮಾಡಿದ್ದೆ.

ಉದ್ದಗೆರೆಯ ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡು ದಿನಕ್ಕೆ ಮೂವರಂತೆ ಫೋನ್ ಮಾಡತೊಡಗಿದೆ. ಮೊದಲ ವಾರ ಬಾಯಿ ಒಣಗುತ್ತಿತ್ತು. ಮಳೆ, ಮಕ್ಕಳ ಓದು, ಬಡ್ಡಿ ದರ ಎಲ್ಲ ಮಾತಾಡಿ ಫೋನ್ ಇಟ್ಟುಬಿಡುತ್ತಿದ್ದೆ. ಕ್ರಮೇಣ ಹದ ಸಿಕ್ಕಿತು. ಮ್ಯಾರಥಾನಿನ ವರ್ಣನೆ ಯಾರಿಗೂ ಬೇಡ. ಅಪ್ಪನ ಹತ್ತೊಂಬತ್ತು ದಿನ ಎಂದರೆ ಕೇಳುತ್ತಿದ್ದರು. “ನಿಮಗೆ ತೋಚಿದಷ್ಟು ಕೊಡಿ” ಎಂದರೆ ಅವರಿಗೆ ಸಂಕಟ, ಏನೂ ತೋಚುವುದಿಲ್ಲ. “ಒಬ್ಬರ ಒಂದು ದಿನದ ಆರೈಕೆ, 1,800” ಎಂದರೆ ಹೌದೋ ಅಲ್ಲವೋ ಹೇಳಿಬಿಡುತ್ತಾರೆ. ಮೊತ್ತ ಹೇಳಿದ ಮೇಲೆ ಸುಮ್ಮನಿರಬೇಕು. ಆ ಮೂರು ನಾಲ್ಕು ಸೆಕೆಂಡಿನ ಮೌನದಲ್ಲಿ “ಆಗದಿದ್ದರೆ ಪರವಾಗಿಲ್ಲ ಬಿಡಿ” ಎಂದು ನಾಲಿಗೆ ತುದಿಗೆ ಬರುತ್ತದೆ. ಎಷ್ಟೋ ದಾನವನ್ನು ನಾನೇ ಹಾಗೆ ಕಳೆದುಕೊಂಡಿದ್ದೇನೆ.

“ನೀವು ಓಡುವುದಕ್ಕೆ ನಾವೇಕೆ ದುಡ್ಡು ಕೊಡಬೇಕು?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಓಟ ಬರೀ ನೆಪ, ನೆಪವಿಲ್ಲದೆ ಕೇಳಲು ನನಗೆ ಧೈರ್ಯವಿಲ್ಲ ಎಂದೆ. ನಕ್ಕು ಎರಡು ದಿನದ ಆರೈಕೆ ಬರೆಸಿದರು. ಬ್ಯಾಂಕಿನ ಎದುರಿನ ಇಡ್ಲಿ ಗಾಡಿಯವರು ಮಾತ್ರ, “ಮೊದಲು ಓಡಿ ಬನ್ನಿ ಸಾರ್, ಆಮೇಲೆ ನೋಡೋಣ” ಎಂದರು.

ತೆರಿಗೆಯ ವಿಷಯ ಮೊದಲೇ ಬಿಡಿಸಿ ಹೇಳಬೇಕಿತ್ತು. ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡುವ 80ಜಿ ಕಲಮು ಇದೆ ಎಂದ ಮಾತ್ರಕ್ಕೆ ಆಗಲೂ ಕೊಟ್ಟಿದ್ದೆಲ್ಲ ತೆರಿಗೆಯಲ್ಲಿ ಹಿಂದೆ ಬರುತ್ತಿರಲಿಲ್ಲ. ನಗದು ಎರಡು ಸಾವಿರ ದಾಟಿದರೆ ವಿನಾಯಿತಿ ಇರಲಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಉಳಿದವರಿಗೆ ಸಂಸ್ಥೆ ಕೊಡುವ 10ಬಿಇ ಎಂಬ ದಾನದ ಪ್ರಮಾಣಪತ್ರ ಬೇಕಿತ್ತು, ಅದಕ್ಕೆ ಪ್ಯಾನ್ ಸಂಖ್ಯೆ ಬೇಕಿತ್ತು. ಇಷ್ಟನ್ನು ಸ್ಪಷ್ಟವಾಗಿ ಹೇಳಿದ್ದರಿಂದ ಒಂದಿಬ್ಬರು ಹಿಂದೆ ಸರಿದರು. ಸರಿಯಲಿ.

ಅಕ್ಟೋಬರಿನಲ್ಲಿ, ದಸರೆಯ ಜನಜಂಗುಳಿ ಶುರುವಾಗುವ ಹೊತ್ತಿಗೆ, ಬಲ ಮೊಣಕಾಲಿನ ಹೊರಬದಿಯಲ್ಲಿ ಸೂಜಿ ಚುಚ್ಚಿದಂಥ ನೋವು. ಬೆಟ್ಟದ ಇಳಿಜಾರಿನ ರಸ್ತೆಯಲ್ಲಿ ವಾರವಾರವೂ ಉತ್ಸಾಹದಿಂದ ಓಡಿ ಇಳಿದದ್ದರ ಫಲ. ಫಿಸಿಯೋಥೆರಪಿಯ ಹುಡುಗಿ ಮೊಣಕಾಲನ್ನು ಹೆಚ್ಚು ನೋಡಲೇ ಇಲ್ಲ, ಸೊಂಟ ಒತ್ತಿ ನೋಡಿ, “ಇಪ್ಪತ್ತೆರಡು ವರ್ಷ ಕುರ್ಚಿಯಲ್ಲಿ ಕುಳಿತು ಈ ಸ್ನಾಯುಗಳು ನಿದ್ದೆ ಹೋಗಿವೆ ಅಂಕಲ್. ಇವು ಮಾಡಬೇಕಾದ ಕೆಲಸವನ್ನು ಮೊಣಕಾಲು ಮಾಡುತ್ತಿದೆ” ಎಂದಳು. ಹದಿನಾರು ದಿನ ಓಟ ಬಂದ್. ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಹದಿನೈದರಂತೆ ಮೂರು ಸಲ, ಮೂರು ಹೊತ್ತು. ಆ ವರ್ಷದ ಜಂಬೂಸವಾರಿಯನ್ನು ಟಿ.ವಿ.ಯ ಮುಂದೆ ಕಾಲೆತ್ತುತ್ತಲೇ ನೋಡಿದೆ.

ನೋವಿಗಿಂತ ಹೆಚ್ಚು ಕಾಡಿದ್ದು ಬೇರೆ. ಆಗಲೇ ತೊಂಬತ್ತು ಸಾವಿರ ಬಂದಿತ್ತು. ಓಡಲಾಗದಿದ್ದರೆ ಅದು ಮೋಸವಲ್ಲವೇ? ಕೊಟ್ಟವರಿಗೆಲ್ಲ ಮತ್ತೆ ಫೋನ್ ಮಾಡಿ, ಕಾಲು ಹೀಗಾಗಿದೆ, ಓಡುವುದು ಖಾತ್ರಿಯಿಲ್ಲ ಎಂದು ತಿಳಿಸಿದೆ. ಅರಸೀಕೆರೆಯ ಚಿಕ್ಕಮ್ಮ ಬೈದೇಬಿಟ್ಟರು. “ನೀನು ಓಡಿದರೆಷ್ಟು ಬಿಟ್ಟರೆಷ್ಟು? ನಾನು ಕೊಟ್ಟದ್ದು ಭಾವನ ಹೆಸರಿಗೆ. ಸುಮ್ಮನೆ ಎಣ್ಣೆ ಹಚ್ಚಿಕೊಂಡು ಮಲಗು.” ಆ ಬೈಗುಳದ ನಂತರ ನಿದ್ದೆ ಬಂತು. ವಿಚಿತ್ರವೆಂದರೆ, ಕಾಲು ನೋವಿನ ಸುದ್ದಿ ಹೇಳಲು ಮಾಡಿದ ಆ ಕರೆಗಳಿಂದಲೇ ಇನ್ನೂ ಮೂವತ್ತು ಸಾವಿರ ಬಂತು.

ಮುಂಬೈಯಲ್ಲಿ ಉಳಿದದ್ದು ಮಾಟುಂಗದ ನೆಂಟರ ಮನೆಯಲ್ಲಿ. ಮೈಸೂರು ಅಸೋಸಿಯೇಷನ್, ಉಡುಪಿ ಹೋಟೆಲುಗಳು, ಹೂವಿನ ಅಂಗಡಿಗಳ ಆ ಬೀದಿಗಳಲ್ಲಿ ಹಿಂದಿನ ಸಂಜೆ ನಡೆದಾಡುವಾಗ ಕಾಫಿಯ ವಾಸನೆಗೆ ಮನಸ್ಸು ಜಾರಿದರೂ ಮೊಸರನ್ನ ತಿಂದು ಮಲಗಿದೆ. ಓಟದ ದಿನ ಹೊಸದೇನನ್ನೂ ಮಾಡಬಾರದು, ಹಿಂದಿನ ದಿನವೂ ಕೂಡ. ಓಟಗಾರರೇ ತುಂಬಿದ್ದ ಲೋಕಲ್ ರೈಲಿನಲ್ಲಿ ಕತ್ತಲಿರುವಾಗಲೇ ಓಟ ಹೊರಡುವ ಸಿಎಸ್‌ಎಂಟಿ ನಿಲ್ದಾಣ ತಲುಪಿದೆ.

ಮರೀನ್ ಡ್ರೈವಿನಲ್ಲಿ ಎಲ್ಲರೂ ನನ್ನನ್ನು ದಾಟಿ ಹೋದರು. ಹೋಗಲಿ ಎಂದು ಮಗ್ಗಿ ಹೇಳುತ್ತ ಓಡಿದೆ. ಬಾಂದ್ರಾ–ವರ್ಲಿ ಸೇತುವೆಯ ಮೇಲೆ ಬೇರೆ ದಿನ ಕಾಲಿಡಲು ಬಿಡುವುದಿಲ್ಲ. ಅಲ್ಲಿ ಬೆಳಕು ಹರಿಯಿತು, ಕೆಳಗೆ ಸಮುದ್ರ, ಮೈಯೆಲ್ಲ ಉಪ್ಪು. ಮೈಸೂರಿನ ಒಣ ಚಳಿಗೆ ಒಗ್ಗಿದ ದೇಹಕ್ಕೆ ಆ ತೇವ ಭಾರವಾಯಿತು. ಇಪ್ಪತ್ತೈದರ ನಂತರ ಬಿಸಿಲು. ನಮಗಿಂತ ಸುಮಾರು ಎರಡು ಗಂಟೆ ತಡವಾಗಿ ಹೊರಟ ಇಥಿಯೋಪಿಯಾದ ಹೈಲೆ ಲೆಮಿ 2 ಗಂಟೆ 7 ನಿಮಿಷದಲ್ಲಿ ಗೆದ್ದು ಮುಗಿಸುವಾಗ ನನಗಿನ್ನೂ ಹತ್ತು ಕಿಲೋಮೀಟರಿಗಿಂತ ಹೆಚ್ಚು ಬಾಕಿಯಿತ್ತು.

ಮೂವತ್ತಾರರ ಆಸುಪಾಸಿನಲ್ಲಿ ಪೆಡ್ಡರ್ ರಸ್ತೆಯ ಏರು. ಹೋಗುವಾಗ ಗೊತ್ತೇ ಆಗದ ಏರು ಬರುವಾಗ ಚಾಮುಂಡಿ ಬೆಟ್ಟ. ತರಬೇತಿಯಲ್ಲಿ ಕಂಡಿದ್ದು ಮೂವತ್ತೆರಡರವರೆಗೆ ಮಾತ್ರ, ಉಳಿದದ್ದು ಗುರುತಿಲ್ಲದ ಊರು. ಹದಿನೇಳಾರ್ಲಿ ಎಷ್ಟು ಎಂಬುದು ಹೊಳೆಯಲಿಲ್ಲ. ಓಟ ನಿಂತಿತು, ನಡೆದೆ. ರಸ್ತೆಯ ಎರಡೂ ಬದಿಗೆ ಆ ಬಡಾವಣೆಯ ಜನ ಮನೆಯಿಂದ ತಂದ ತಟ್ಟೆಗಳನ್ನು ಹಿಡಿದು ನಿಂತಿದ್ದರು: ಬಿಸ್ಕತ್ತು, ಚಿಕ್ಕಿ, ಕತ್ತರಿಸಿದ ಕಿತ್ತಳೆ. ನನ್ನ ಜೇಬಿನ ಖರ್ಜೂರ ಮುಗಿದು ಒಂದು ಗಂಟೆಯಾಗಿತ್ತು. ಹಾಗಿದ್ದರೂ ಮೊದಲ ಎರಡು ತಟ್ಟೆಗಳನ್ನು ನೋಡದವನಂತೆ ದಾಟಿದೆ. ಮೂರನೆಯದನ್ನು ಹಿಡಿದಿದ್ದವರು ಎಪ್ಪತ್ತು ದಾಟಿದ ಹೆಂಗಸು, ಗುಜರಾತಿಯೋ ಮಾರವಾಡಿಯೋ. ಕೈ ಚಾಚಿದೆ. ಎರಡು ಹೋಳು ಕೊಟ್ಟರು, ಮೇಲೆ ಉಪ್ಪು ಉದುರಿಸಿದ್ದರು. ತಿಂದು ಮುಗಿಸುವವರೆಗೆ ಪಕ್ಕದಲ್ಲೇ ನಡೆದು ಬಂದು ಸಿಪ್ಪೆಯನ್ನು ವಾಪಸ್ ಇಸಿದುಕೊಂಡರು. ಸ್ವಲ್ಪ ದೂರ ಹೋದ ಮೇಲೆ ನೂರಾ ಎರಡು ಎಂದು ಹೊಳೆಯಿತು.

ಕೊನೆಯ ಆರು ಕಿಲೋಮೀಟರ್ ನಡೆದು ಓಡಿ, ಓಡಿ ನಡೆದು ಮುಗಿಸಿದೆ. ಎರಡು ಹೆಬ್ಬೆರಳ ಉಗುರು ಕಪ್ಪಾಗಿ ಮಾರ್ಚಿನ ಹೊತ್ತಿಗೆ ಬಿದ್ದುಹೋದವು. ಬೂಟು ಅರ್ಧ ಅಳತೆ ದೊಡ್ಡದು ಕೊಳ್ಳಬೇಕಿತ್ತು. ಮಾಟುಂಗ ನಿಲ್ದಾಣದ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ, ಜನ ನೋಡಿ ನಕ್ಕರು.

ಊರಿಗೆ ಬಂದ ಮರುದಿನ ಇಡ್ಲಿ ಗಾಡಿಯವರು ಪದಕ ಕೈಗೆ ತೆಗೆದುಕೊಂಡು ತೂಕ ನೋಡಿ, 101 ರೂಪಾಯಿ ಕೊಟ್ಟು ರಸೀದಿ ಕೇಳಿ ಪಡೆದರು. ಅಲ್ಲಿಗೆ ಒಟ್ಟು 143 ಜನ. ಕೇಂದ್ರದವರು ಬೆನ್ನುಹುಣ್ಣು ಆಗದಂತೆ ನೋಡಿಕೊಳ್ಳುವ ಗಾಳಿ ಹಾಸಿಗೆಗಳನ್ನು ಕೊಂಡು, ಉಳಿದದ್ದನ್ನು ದಿನದ ಖರ್ಚಿಗೆ ಹಾಕಿಕೊಂಡು ಲೆಕ್ಕ ಕಳುಹಿಸಿದರು. ಅದನ್ನು ಎಲ್ಲ 143 ಜನರಿಗೂ ಒಬ್ಬೊಬ್ಬರಿಗೇ ತಲುಪಿಸಿದೆ.

ನೋಟ್‌ಬುಕ್ಕಿನಲ್ಲಿ ಒಂದು ಹೆಸರಿನ ಮುಂದೆ ಮಾತ್ರ ಇನ್ನೂ ಗುರುತು ಬಿದ್ದಿಲ್ಲ. ಹೈಸ್ಕೂಲಿನ ಗೆಳೆಯ, ಹತ್ತು ಸಾವಿರ ಒಪ್ಪಿಕೊಂಡಿದ್ದ. ಮೊನ್ನೆ ನಂಜನಗೂಡಿನ ಮದುವೆಯೊಂದರಲ್ಲಿ ಸಿಕ್ಕ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೇ ಹೋಗಿ ಕುಳಿತು ಕೇಳಿದೆ, ಮೊತ್ತ ಹೇಳಿ ಸುಮ್ಮನಾದೆ. ಅವನ ಬಾಯಲ್ಲಿ ಹೋಳಿಗೆಯಿತ್ತು. ಅಗಿದು ನುಂಗುವವರೆಗೆ ಕಾದೆ.