ಹೊಲಿಗೆ ಮೆಷಿನ್ ಬಿಡದೆ ಕತ್ತಿನ ಡಿಸ್ಕಿಗೆ ಫಿಜಿಯೋ ಮಾಡಿಕೊಂಡೆ: ನನ್ನ ಅನುಭವ

ಕತ್ತಿನ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಜಾರಿದರೆ ಕತ್ತೇ ನೋಯಬೇಕು ಅಂತೇನಿಲ್ಲ. ನನಗೆ ಜಾಸ್ತಿ ನೋಯುತ್ತಿದ್ದದ್ದು ಬಲಗೈ. ರೆಕ್ಕೆ ಮೂಳೆಯ ಪಕ್ಕದಲ್ಲಿ ಶುರುವಾಗಿ ತೋಳಿನ ಹಿಂಭಾಗದಲ್ಲಿ ಇಳಿದು, ನಡುಬೆರಳಿನ ತುದಿಯಲ್ಲಿ ಜುಮ್ ಅನ್ನುತ್ತಿತ್ತು. ಮೈಸೂರಿನ ಅಗ್ರಹಾರದಲ್ಲಿ ನನ್ನದು ಲೇಡೀಸ್ ಟೈಲರ್ ಅಂಗಡಿ. ಬ್ಲೌಸ್ ಪೀಸ್ ಕತ್ತರಿಸುವಾಗ ಕತ್ತರಿ ಮುಚ್ಚುವುದು ಸಲೀಸು. ಬಿಚ್ಚುವುದಕ್ಕೆ ಮಾತ್ರ ಬೆರಳಿಗೆ ಬಲವೇ ಸಾಲದು.

ಎಂಆರ್‌ಐ ನೋಡಿದ ಡಾಕ್ಟರು, ಸಿ6-ಸಿ7 (ಕತ್ತಿನ ಆರನೇ, ಏಳನೇ ಮೂಳೆ) ನಡುವಿನ ಡಿಸ್ಕ್ ಹೊರಗೆ ಚಾಚಿ ಏಳನೇ ನರದ ಬುಡವನ್ನು ಒತ್ತುತ್ತಿದೆ ಅಂದರು. ಕತ್ತಿನಲ್ಲಿ ಮೂಳೆ 7, ನರದ ಜೋಡಿ 8. ಮೊಣಕೈ ನೀಟುವುದು, ಬೆರಳು ಬಿಚ್ಚುವುದು ಮುಖ್ಯವಾಗಿ ಈ ಏಳನೇ ನರದ ಕೆಲಸವಂತೆ. ಕತ್ತರಿಯ ಕಥೆ ಆಗ ಅರ್ಥವಾಯಿತು. ಹೊರಬಂದ ಭಾಗವನ್ನು ಎಷ್ಟೋ ಸಲ ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ, ಹೆಚ್ಚಿನವರಿಗೆ ಕೆಲವು ವಾರ, ಕೆಲವು ತಿಂಗಳಲ್ಲಿ ನೋವು ಇಳಿಯುತ್ತದೆ, ಈಗಲೇ ಆಪರೇಷನ್ ಬೇಡ ಅಂದರು. ಆದರೆ ಗಟ್ಟಿಯಾಗಿ ಹೇಳಿದ ಮಾತೂ ಇದೆ. ಎರಡೂ ಕೈ ಜೋಮು ಹಿಡಿದರೆ, ಸೂಜಿಗೆ ದಾರ ಪೋಣಿಸಲು ಕೈ ತಡವರಿಸಿದರೆ, ನಡೆಯುವಾಗ ಕಾಲು ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ, ಇಲ್ಲವೇ ಕೈಯ ಬಲ ಇನ್ನೂ ಇಳಿಯುತ್ತಾ ಹೋದರೆ ವ್ಯಾಯಾಮ ಮಾಡುತ್ತಾ ಕೂರಬಾರದು, ತಕ್ಷಣ ಬರಬೇಕು.

ಮೊದಲು ಹೋದ ಫಿಜಿಯೋ ಸೆಂಟರಿನಲ್ಲಿ ಕತ್ತಿಗೆ ಕರೆಂಟ್ ಕೊಟ್ಟು, ಶಾಖ ಕೊಟ್ಟು ಕಳಿಸುತ್ತಿದ್ದರು. ಅಲ್ಲಿದ್ದಷ್ಟು ಹೊತ್ತು ಹಾಯ್ ಅನಿಸೋದು. ಬಸ್ಸಿಳಿಯುವಷ್ಟರಲ್ಲಿ ನೋವು ವಾಪಸ್. ಆಮೇಲೆ ಸಿಕ್ಕ ಫಿಜಿಯೋ ಮೇಡಂ ನನ್ನ ಮಗಳ ವಯಸ್ಸಿನವರು. ನೋವು ಜಾಸ್ತಿಯಾದಾಗ ನಾನು ಸುಮ್ನೆ ಕೈಯನ್ನು ತಲೆ ಮೇಲೆ ಇಟ್ಟುಕೊಳ್ಳುವುದನ್ನು ನೋಡಿ, "ಹಾಗೆ ಇಟ್ಕೊಂಡ್ರೆ ಆರಾಮ ಅಲ್ವಾ ಅಮ್ಮ? ನರದ ಎಳೆತ ಕಡಿಮೆ ಆಗುತ್ತೆ, ಅದಕ್ಕೆ" ಅಂದರು.

ಅವರು ಕಲಿಸಿದ ಮುಖ್ಯ ಪಾಠ ಯಾವ ವ್ಯಾಯಾಮವೂ ಅಲ್ಲ, ನೋವು ಎಲ್ಲಿದೆ ಅಂತ ನೋಡಿಕೊಳ್ಳುವುದು. ಒಂದು ವ್ಯಾಯಾಮ ಮಾಡಿದ ಮೇಲೆ ಬೆರಳಿನ ನೋವು ಮೊಣಕೈಗೆ, ಮೊಣಕೈಯದು ಭುಜಕ್ಕೆ ಹತ್ತಿದರೆ ಅದು ನಮಗೆ ಸರಿಹೊಂದುತ್ತಿದೆ ಅಂತ. ಆಗ ಕತ್ತಿನಲ್ಲಿ ಸ್ವಲ್ಪ ನೋವು ಹೆಚ್ಚಿದರೂ ಗಾಬರಿ ಬೇಡ. ನೋವು ಕೆಳಗೆ ಬೆರಳಿನ ಕಡೆ ಇಳಿದರೆ ಅಲ್ಲಿಗೇ ನಿಲ್ಲಿಸಬೇಕು. ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಅನ್ನುವ ಫಿಜಿಯೋ ಈ ಲೆಕ್ಕಾಚಾರವನ್ನು ಒಂದು ಪದ್ಧತಿಯಾಗಿ ಬೆಳೆಸಿದರಂತೆ. ಕೈ ನೋವಿಗಿಂತ ಕತ್ತು ನೋವು ವಾಸಿ ಅಂತ ಖುಷಿಪಡುವ ದಿನವೂ ಬರುತ್ತದೆ ನೋಡಿ.

ನನಗೆ ಒಗ್ಗಿದ್ದು ಗದ್ದ ಹಿಂದಕ್ಕೆ ಎಳೆಯುವ ವ್ಯಾಯಾಮ. ನೋಟ ನೇರ ಇರಬೇಕು. ಗದ್ದವನ್ನು ಕೆಳಗೆ ಬಗ್ಗಿಸದೆ ನೇರವಾಗಿ ಹಿಂದೆ ತಳ್ಳಬೇಕು, ಟೇಬಲ್ ಡ್ರಾಯರ್ ಮುಚ್ಚಿದ ಹಾಗೆ. ಒಂದೈದು ಸೆಕೆಂಡ್ ಹಿಡಿದು ಬಿಡುವುದು, ಒಂದು ಸಲಕ್ಕೆ 10. ಬೆಳಿಗ್ಗೆ ಒಟ್ಟಿಗೆ ಮಾಡಿ ಮುಗಿಸಿದರೆ ಪ್ರಯೋಜನವಿಲ್ಲ, ದಿನಪೂರ್ತಿ ಹಂಚಿ ಮಾಡಿ ಅಂದರು. ಮದುವೆ ಸೀಸನ್ನಿನಲ್ಲಿ ಇದೆಲ್ಲ ಯಾರಿಗೆ ನೆನಪಿರುತ್ತೆ? ಅದಕ್ಕೆ ನಾನು ಬಾಬಿನ್ ಹಿಡಿದುಕೊಂಡೆ. ದಾರ ಮುಗಿದು ಬಾಬಿನ್ ಬದಲಿಸುವಾಗಲೆಲ್ಲ ಒಂದು ಸುತ್ತು ವ್ಯಾಯಾಮ. ಬಾಬಿನ್ ಬದಲಿಸದೆ ಹೊಲಿಗೆ ಮುಂದೆ ಹೋಗಲ್ಲವಲ್ಲ, ಮರೆಯುವ ಮಾತೇ ಇಲ್ಲ.

ಎಷ್ಟು ವ್ಯಾಯಾಮ ಮಾಡಿದರೂ ದಿನಕ್ಕೆ ಅಷ್ಟು ಹೊತ್ತು ಬಗ್ಗಿ ಕೂತರೆ ಎಲ್ಲ ನೀರುಪಾಲು. ನಮ್ಮ ತಲೆಯೇ ಸುಮಾರು 5 ಕೆಜಿ ತೂಕ, ಮುಂದೆ ಬಗ್ಗಿದಷ್ಟೂ ಕತ್ತಿಗೆ ಭಾರ. ಕಟಿಂಗ್ ಟೇಬಲ್ಲಿನ ಕಾಲಿಗೆ ಇಟ್ಟಿಗೆ ಕೊಟ್ಟು ಸೊಂಟಕ್ಕಿಂತ ಮೇಲೆ ತಂದೆ. ಮೆಷಿನ್ ಟೇಬಲ್ಲಿನ ಹಿಂದಿನ ಎರಡು ಕಾಲಿಗೆ ಮಾತ್ರ ಮರದ ತುಂಡು ಇಡಿಸಿದೆ. ಈಗ ಮೆಷಿನ್ ನನ್ನ ಕಡೆ ಸ್ವಲ್ಪ ವಾಲಿದೆ, ಸೂಜಿ ನೋಡಲು ಅಷ್ಟು ಬಗ್ಗಬೇಕಿಲ್ಲ. ಸೂಜಿಯ ಹತ್ತಿರ ಒಂದು ಎಲ್‌ಇಡಿ ದೀಪ. ಹೆಮ್ಮಿಂಗ್ ಮಾಡುವಾಗ ತೊಡೆ ಮೇಲೆ ಎರಡು ದಿಂಬು ಇಟ್ಟು ಬಟ್ಟೆಯನ್ನೇ ಮುಖದ ಹತ್ತಿರ ತರುತ್ತೇನೆ. ನನಗೆ ಕೇಳಿದರೆ ಕತ್ತು ಎಳೆಯುವ ಟ್ರಾಕ್ಷನ್ನಿಗಿಂತ ಈ ಇಟ್ಟಿಗೆಗಳೇ ಜಾಸ್ತಿ ಕೆಲಸ ಮಾಡಿದವು.

ಟ್ರಾಕ್ಷನ್ ಕೂಡ ಕೊಟ್ಟರು. ಮಲಗಿಸಿ ಗದ್ದಕ್ಕೂ ತಲೆಯ ಹಿಂದಕ್ಕೂ ಬೆಲ್ಟ್ ಹಾಕಿದರೆ ಮೆಷಿನ್ ಎಳೆದು ಬಿಡುತ್ತದೆ. ನನಗೆ ಒಂದೆರಡು ಗಂಟೆ ಆರಾಮ, ಅಷ್ಟೇ. ಪಕ್ಕದ ಮಂಚಕ್ಕೆ ಮಂಡ್ಯದಿಂದ ಬರುತ್ತಿದ್ದ ಮೇಷ್ಟ್ರಿಗೆ ಹೆಬ್ಬೆರಳು ಜೋಮು, ಅವರದ್ದು ಸಿ5-ಸಿ6. ಅವರಿಗೆ ಟ್ರಾಕ್ಷನ್ನೇ ಚೆನ್ನಾಗಿ ಹಿಡಿಸಿತು.

ನರದ ವ್ಯಾಯಾಮದಲ್ಲಿ ಮಾತ್ರ ಹುಷಾರು. ಕೈ ಪಕ್ಕಕ್ಕೆ ಚಾಚಿ, ಮಣಿಕಟ್ಟು ಹಿಂದಕ್ಕೆ ಬಗ್ಗಿಸಿ, ಮೆಲ್ಲಗೆ ಹೋಗಿ ಬರಬೇಕು. ಎಳೆದು ಹಿಡಿದರೆ ಜೋಮು ಇನ್ನೂ ಏರುತ್ತದೆ. ಕತ್ತಿಗೆ ಕಟ್ಟುವ ಕಾಲರನ್ನು ಬಸ್ ಪ್ರಯಾಣಕ್ಕೆ ಬಿಟ್ಟರೆ ಹಾಕಲಿಲ್ಲ, ದಿನವಿಡೀ ಹಾಕಿದರೆ ಸ್ನಾಯು ಸೋಲುತ್ತವೆ.

ಸಲಹೆಗಳಿಗಂತೂ ಬರವಿಲ್ಲ. ಬ್ಲೌಸ್ ಅಳತೆ ಕೊಡಲು ಬಂದವರೆಲ್ಲ ಡಾಕ್ಟರುಗಳೇ! ಉಪ್ಪಿನ ಶಾಖ ಕೊಡು ಅಂದವರ ಮಾತು ಕೇಳಿದೆ, ಅದರಿಂದ ಹಾನಿಯೇನಿಲ್ಲ. ಕತ್ತು ತಿರುಗಿಸಿ ಲಟಕ್ ಅನಿಸಿದರೆ ಸರಿಹೋಗುತ್ತೆ ಅಂದವರಿಗೆ ಕೈ ಮುಗಿದೆ. ನರ ಒತ್ತಿರುವ ಕತ್ತನ್ನು ಜರ್ಕ್ ಕೊಟ್ಟು ತಿರುಗಿಸುವುದು ಅಪಾಯ.

ನೋವು ಬೇಗ ಇಳಿಯಿತು, ಬಲ ಬರಲು ತುಂಬಾ ತಡವಾಯಿತು. ನೀರಿನ ಬಾಟಲಿ ಹಿಡಿದು ಮೊಣಕೈ ಹಿಂದಕ್ಕೆ ನೀಟುವುದು, ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ಬೆರಳು ಬಿಚ್ಚುವುದು, ಇವೆರಡನ್ನು ಇನ್ನೂ ಬಿಟ್ಟಿಲ್ಲ. ಪಾಲಿಸ್ಟರ್, ಕಾಟನ್ ಎಲ್ಲ ಸರಾಗವಾಗಿ ಕತ್ತರಿಸುತ್ತೇನೆ. ದಪ್ಪ ಲೈನಿಂಗ್ ಇಟ್ಟ ರೇಷ್ಮೆ ಬ್ಲೌಸನ್ನು ಮಾತ್ರ ಸದ್ಯಕ್ಕೆ ಅಂಗಡಿಯ ಹುಡುಗಿಗೆ ಕೊಡುತ್ತಿದ್ದೇನೆ.