ಅಮ್ಮನಿಗೆ ಗರ್ಭಕಂಠದ ಕ್ಯಾನ್ಸರ್ ಇತ್ತಾ? ಹಾಗಾದರೆ ನೀವು ಹೀಗೆ ಮಾಡಿ

ಮೊದಲು ಅಮ್ಮನ ಹಳೇ ಫೈಲು ಹುಡುಕಿ. ನಮ್ಮ ಕಡೆ ಎಲ್ಲದಕ್ಕೂ ಗರ್ಭಕೋಶದ ಕ್ಯಾನ್ಸರ್ ಅಂದುಬಿಡುತ್ತಾರೆ. ಬಯಾಪ್ಸಿ ರಿಪೋರ್ಟಿನಲ್ಲಿ ‘ಸರ್ವಿಕ್ಸ್’ ಅಂತಿದ್ದರೆ ಅದು ಗರ್ಭಕಂಠದ್ದು, ಅಂದರೆ ಗರ್ಭಕೋಶದ ಬಾಯಿಯದ್ದು. ‘ಎಂಡೋಮೆಟ್ರಿಯಂ’ ಅಂತಿದ್ದರೆ ಗರ್ಭಕೋಶದ ಒಳಪದರದ್ದು, ಅದರ ದಾರಿಯೇ ಬೇರೆ.

ಆಮೇಲೆ ಒಂದು ಹಾಳೆಯಲ್ಲಿ ಸಂಬಂಧಿಕರಲ್ಲಿ ಯಾರಿಗೆ, ಯಾವ ವಯಸ್ಸಿಗೆ ಬಂತು ಅಂತ ಬರೆಯಿರಿ. ನಾನು ಉಡುಪಿಯಲ್ಲಿ ಸ್ತ್ರೀರೋಗ ಓಪಿಡಿಯ ನರ್ಸ್. ಈ ಪಟ್ಟಿಯ ವಿಷಯಕ್ಕೆ ನನ್ನದು ದಿನಾ ಜಗಳ. ಅಳಿಯಕಟ್ಟಿನ (ಅಮ್ಮನ ಕಡೆಯಿಂದ ವಂಶ ಎಣಿಸುವ) ಮನೆಯವರು ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲರನ್ನೂ ಬರೆಸುತ್ತಾರೆ. ಅಪ್ಪನ ಅಕ್ಕತಂಗಿಯರ ಸುದ್ದಿಯೇ ಇಲ್ಲ! ಬಳಿ, ಅಂದರೆ ಕುಲದ ಹೆಸರು, ಅಮ್ಮನಿಂದ ಬರುತ್ತದೆ, ಸರಿ. ಜೀನು ಇಬ್ಬರಿಂದಲೂ ಬರುತ್ತದಲ್ವಾ? ಸೋದರತ್ತೆಯರನ್ನೂ ಸೇರಿಸಿ.

ಗರ್ಭಕಂಠದ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ವೈರಸ್ಸು. ಅದರ 16 ಮತ್ತು 18ನೇ ತಳಿಗಳಿಂದಲೇ ಸುಮಾರು 70% ಕೇಸುಗಳು. ವೈರಸ್ಸು ತಗಲಿದ ಹೆಚ್ಚಿನವರಲ್ಲಿ ಒಂದೆರಡು ವರ್ಷಕ್ಕೆ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಮಾತ್ರ ಉಳಿಯುತ್ತದೆ. ಇಲ್ಲಿ ಎಚ್‌ಎಲ್‌ಎ ಜೀನುಗಳ ಪಾತ್ರವೂ ಉಂಟು. ಇವು ಇರುವುದು 6ನೇ ಕ್ರೋಮೋಸೋಮಿನಲ್ಲಿ. ವೈರಸ್ಸಿನ ತುಣುಕನ್ನು ಹಿಡಿದು ರೋಗನಿರೋಧಕ ಕಣಗಳಿಗೆ ತೋರಿಸುವ ಪ್ರೋಟೀನು ಇವುಗಳಿಂದ ತಯಾರಾಗುತ್ತದೆ. ಡಿಆರ್‌ಬಿ1*13 ಅನ್ನುವ ಬಗೆ ಇದ್ದವರಲ್ಲಿ ಅಪಾಯ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಒಡಹುಟ್ಟಿದ ಅಕ್ಕತಂಗಿಯರಲ್ಲೂ ಇವು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದೇ. ಅಕ್ಕನಿಗೆ ಬಂತು ಅಂತ ನಿಮಗೂ ಬಂದೇ ಬರುತ್ತದೆ ಅಂತೇನಿಲ್ಲ.

ಹಾಗಂತ ಸುಮ್ನೆ ಜೀನ್ ಟೆಸ್ಟಿಗೆ ದುಡ್ಡು ಸುರಿಯಬೇಡಿ. ಅದರಲ್ಲಿ ಏನೇ ಬಂದರೂ ಡಾಕ್ಟರ್ ಹೇಳುವುದು ಎಚ್‌ಪಿವಿ ಟೆಸ್ಟ್ ಅಥವಾ ಪ್ಯಾಪ್ ಸ್ಮಿಯರ್ (ಗರ್ಭಕಂಠದ ಕಣ ತೆಗೆದು ನೋಡುವ ಟೆಸ್ಟ್).

30 ದಾಟಿದ್ದರೆ ಅದನ್ನೇ ಮಾಡಿಸಿ. ಮುಟ್ಟಿನ ದಿನಗಳಲ್ಲಿ ಬೇಡ. ಟೆಸ್ಟಿನ ಹಿಂದಿನ ಎರಡು ದಿನ ಒಳಗೆ ಇಡುವ ಮಾತ್ರೆ, ಕ್ರೀಮು, ಗಂಡನ ಜೊತೆ ಸೇರುವುದು ಯಾವುದೂ ಬೇಡ. ಸ್ಪೆಕ್ಯುಲಮ್ (ಯೋನಿ ಅಗಲಿಸಿ ನೋಡುವ ಉಪಕರಣ) ಹಾಕಿ, ಸಣ್ಣ ಬ್ರಶ್ಶಿನಲ್ಲಿ ಸವರಿ ತೆಗೆಯುತ್ತಾರೆ, ಅಷ್ಟೇ. ಮೈ ಬಿಗಿ ಹಿಡಿದರೆ ನೋವು ಜಾಸ್ತಿ. ಬಾಯಿಯಿಂದ ನಿಧಾನ ಉಸಿರು ಬಿಡಿ, ಸೊಂಟ ತಾನಾಗಿ ಸಡಿಲವಾಗುತ್ತದೆ. ಆರೋಗ್ಯ ಕೇಂದ್ರದಲ್ಲಾದರೆ ನೀರು ಬೆರೆಸಿದ ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾದು ನೋಡುತ್ತಾರೆ. ಅನುಮಾನದ ಜಾಗ ಬೆಳ್ಳಗಾಗುತ್ತದೆ. ಯಾವ ದಿನ ಮಾಡುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮಗಳಿಗೆ 9ರಿಂದ 14 ವರ್ಷದೊಳಗೆ ಎಚ್‌ಪಿವಿ ಲಸಿಕೆ ಹಾಕಿಸಿ. ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ಅಥವಾ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ ಕ್ಯಾಂಪಿಗೆ ಕಾಯಬೇಡಿ. ಕಳೆದ ಸಲ ಟೆಸ್ಟ್ ಸರಿ ಬಂದಿದ್ದರೂ ಅದೇ ವಾರ ಡಾಕ್ಟರಿಗೆ ತೋರಿಸಿ.