ತಗ್ಗಿಸಿದ ಆಕ್ಟೇವಿಯಾ, ಎರಡು ಅಲೈನ್‌ಮೆಂಟ್, ಮೂರು ಅಕ್ಕಿ ಮೂಟೆ

ಶಬ್ದ ಶುರುವಾದದ್ದು ಏಪ್ರಿಲ್‌ನಲ್ಲಿ. ಕಾರಿನ ವೇಗ ಅರವತ್ತು ದಾಟಿದರೆ ಸಾಕು, ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ ಹಿಂದಿನ ಸೀಟಿನ ಕೆಳಗಿಂದ ಒಂದೇ ಸಮನೆ ಗುಂಯ್ ಅನ್ನುತ್ತಿತ್ತು. ಬೇರಿಂಗ್ ಹೋಗಿದೆ ಅಂದುಕೊಂಡೆ. ಗ್ಯಾರೇಜಿನವರೂ ಅದನ್ನೇ ಹೇಳಿದರು. ಹಿಂದಿನ ಎಡ ಚಕ್ರಕ್ಕೆ ಹೊಸ ಬೇರಿಂಗ್ ಹಾಕಿಸಿದೆ. ಶಬ್ದ ಹಾಗೇ ಇತ್ತು.

ಒಂದು ಭಾನುವಾರ ಸುಮ್ನೆ ಹಿಂದಿನ ಟೈರ್ ಮೇಲೆ ಕೈಯಾಡಿಸಿದೆ. ಮೀನಿನ ಮೈ ಸವರಿದ ಹಾಗಿತ್ತು. ಒಂದು ಕಡೆಗೆ ಸವರಿದರೆ ನುಣುಪು, ತಿರುಗಿಸಿ ಸವರಿದರೆ ಹುರುಪೆಯ ಹಾಗೆ ಒರಟು. ಒಳ ಅಂಚಿನ ಒಂದೊಂದು ಬ್ಲಾಕೂ ಗರಗಸದ ಹಲ್ಲಿನಂತೆ ಸವೆದಿತ್ತು. ಶಬ್ದ ಬರುತ್ತಿದ್ದದ್ದು ಅಲ್ಲಿಂದ. ಬೇರಿಂಗ್‌ಗೆ ಕೊಟ್ಟ ದುಡ್ಡು ದಂಡ. ತಪ್ಪನ್ನು ನಾನು ಜನವರಿಯಲ್ಲೇ ಮಾಡಿ ಮುಗಿಸಿದ್ದೆ.

ಗಾಡಿ 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎರಡು ಲೀಟರ್ ಟರ್ಬೊ ಪೆಟ್ರೋಲ್, 230 ಎಚ್‌ಪಿ, ಮುಂದಿನ ಚಕ್ರ ಓಡಿಸುವ ಗಾಡಿ. ಮಂಗಳೂರಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ನಾನಿರುವುದು ಮೈಸೂರಿನಲ್ಲಿ. (ಮಂಗಳೂರಿನ ವಿಷಯ ನೆನಪಿರಲಿ, ಮುಂದೆ ಬರುತ್ತದೆ.) ಮಾಮೂಲಿ ಆಕ್ಟೇವಿಯಾಗಿಂತ ಇದು ಕಂಪನಿಯಿಂದಲೇ ಸ್ವಲ್ಪ ತಗ್ಗು. ಆದರೂ ಚಕ್ರಕ್ಕೂ ಮಡ್‌ಗಾರ್ಡ್‌ಗೂ ನಡುವಿನ ಸಂದಿ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಜನವರಿಯಲ್ಲಿ 30 ಮಿಮೀ ತಗ್ಗಿಸುವ ಸ್ಪ್ರಿಂಗ್ ತರಿಸಿದೆ. ಬೆಳಿಗ್ಗೆ ಸ್ಪ್ರಿಂಗ್ ಹಾಕಿಸಿ, ಅದೇ ಸಂಜೆ ಹತ್ತಿರದ ಅಂಗಡಿಯಲ್ಲಿ 800 ರೂಪಾಯಿಗೆ ಅಲೈನ್‌ಮೆಂಟ್ (ಚಕ್ರಗಳ ಕೋನ ಅಳೆದು ಸರಿಮಾಡುವುದು) ಮಾಡಿಸಿ, ಖುಷಿಯಾಗಿ ಮನೆಗೆ ಬಂದೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಾಡಿ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯಲ್ಲಿ 52ನೇ ಸೆಕ್ಷನ್ ಇದೆ. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಇಂಥದ್ದು ಮಾಡಿದರೆ ಕ್ಲೇಮ್ ಹೊತ್ತಿಗೆ ತಲೆನೋವಾಗಬಹುದು. ಓದಿಕೊಂಡು ಕೈ ಹಾಕಿ.

ಆ ಸಂಜೆ ಕೊಟ್ಟ ಪ್ರಿಂಟ್‌ಔಟ್ ಗ್ಲೋವ್ ಬಾಕ್ಸ್‌ನಲ್ಲೇ ಇತ್ತು. ಟೈರ್ ನೋಡಿದ ಮೇಲೆ ತೆಗೆದು ಮೊದಲ ಸಲ ಸರಿಯಾಗಿ ಓದಿದೆ. ಮುಂದಿನ ಟೋ (ಮೇಲಿಂದ ನೋಡಿದಾಗ ಚಕ್ರದ ಮೂಗು ಎತ್ತ ತಿರುಗಿದೆ ಅನ್ನುವುದು) ಎರಡೂ ಹಸಿರು, ಅಂದರೆ ಮಿತಿಯೊಳಗೆ. ಹಿಂದಿನದು ಬಹುಪಾಲು ಕೆಂಪು. ಅವತ್ತೇ ಕೇಳಿದ್ದೆ. "ಹಿಂದೆ ಅಡ್ಜಸ್ಟ್‌ಮೆಂಟ್ ಬರಲ್ಲ ಸಾರ್, ತಗ್ಗಿಸಿದ ಗಾಡಿ ಅಲ್ವಾ, ಹಾಗೇ ತೋರಿಸುತ್ತೆ" ಅಂದಿದ್ದರು. ನಾನೂ ತಲೆಯಾಡಿಸಿದ್ದೆ. ಪೋಲೊ ಥರದ ಗಾಡಿಯಲ್ಲಿ ಹಿಂದೆ ಒಂದೇ ಗಟ್ಟಿ ಬೀಮ್ ಇರುತ್ತದೆ, ಅಲ್ಲಿ ಆ ಮಾತು ಹೆಚ್ಚುಕಡಿಮೆ ನಿಜ. ಆದರೆ ಆರ್‌ಎಸ್‌ನಲ್ಲಿ ಹಿಂದಿರುವುದು ಮಲ್ಟಿ ಲಿಂಕ್, ಅಂದರೆ ಒಂದೊಂದು ಚಕ್ರವನ್ನೂ ಹಲವು ತೋಳುಗಳು ಹಿಡಿದಿರುತ್ತವೆ. ಪ್ರತಿ ಚಕ್ರಕ್ಕೂ ಕ್ಯಾಂಬರ್‌ಗೊಂದು (ಚಕ್ರ ಮೇಲ್ಗಡೆ ಎಷ್ಟು ವಾಲಿದೆ ಅನ್ನುವುದು), ಟೋಗೊಂದು ಎಕ್ಸೆಂಟ್ರಿಕ್ ಬೋಲ್ಟ್ ಇದೆ. ತಲೆ ನಟ್ಟನಡುವೆ ಇಲ್ಲದ ಬೋಲ್ಟ್ ಅದು. ತಿರುಗಿಸಿದರೆ ತೋಳು ಒಳಗೋ ಹೊರಗೋ ಸರಿಯುತ್ತದೆ.

ಹಿಂದಿನ ಚಕ್ರಗಳ ಅಂಕಿಗಳು ಹೀಗಿದ್ದವು (ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲಿಗೆ ಒಂದು ಮಿನಿಟ್ ಅನ್ನುತ್ತಾರೆ). ಹಿಂದಿನ ಕ್ಯಾಂಬರ್ ಎಡಕ್ಕೆ ಮೈನಸ್ 2°25', ಬಲಕ್ಕೆ ಮೈನಸ್ 2°05'. ಟೋ ಎಡಕ್ಕೆ ಪ್ಲಸ್ 0°22', ಬಲಕ್ಕೆ ಪ್ಲಸ್ 0°03'. ಕ್ಯಾಂಬರ್ ಮೈನಸ್ ಅಂದರೆ ಚಕ್ರ ಮೇಲ್ಗಡೆ ಒಳಕ್ಕೆ ವಾಲಿದೆ ಅಂತ. ಟೋ ಪ್ಲಸ್ ಅಂದರೆ ಚಕ್ರದ ಮೂಗು ಒಳಕ್ಕೆ ತಿರುಗಿದೆ ಅಂತ. ಈ ಗಾಡಿಯ ಹಿಂಬದಿ ಕೆಳಗೆ ಕೂತಷ್ಟೂ ಚಕ್ರ ಒಳಕ್ಕೆ ವಾಲುತ್ತದೆ, ಮೂಗೂ ಒಳಕ್ಕೆ ತಿರುಗುತ್ತದೆ. ತಗ್ಗಿಸಿದ ಮೇಲೆ ಎರಡೂ ಬದಲಾಗಲೇಬೇಕು.

ಟೈರ್ ಒಳಗಡೆ ಸವೆದರೆ ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ. ನಾನೂ ಬೈದೆ. ಒಂದು ರಾತ್ರಿ ಕೂತು ಲೆಕ್ಕ ಹಾಕಿದ ಮೇಲೆ ನಿಜವಾದ ಕಳ್ಳ ಸಿಕ್ಕಿದ. ಹಿಂದಿನ ಎರಡು ಚಕ್ರದ ಟೋ ಕೂಡಿದರೆ 25 ಮಿನಿಟ್. ಅರ್ಧರ್ಧ ಹಂಚಿಕೊಂಡರೂ ಒಂದೊಂದು ಚಕ್ರ ಹೋಗಬೇಕಾದ ದಾರಿಗೆ 12 ಮಿನಿಟ್‌ನಷ್ಟು ಓರೆ. ಅಂದರೆ ಪ್ರತಿ ಕಿಲೋಮೀಟರಿಗೆ ಸುಮಾರು ಮೂರೂವರೆ ಮೀಟರ್ ಅಡ್ಡ ಉಜ್ಜಾಟ. ನಾನು ಅಷ್ಟರಲ್ಲಿ ಓಡಿಸಿದ್ದು 4,000 ಕಿಮೀ. ಆ ಟೈರನ್ನು 14 ಕಿಮೀ ಅಡ್ಡಡ್ಡ ಎಳೆದಿದ್ದೆ. ಮೈಸೂರಿನಿಂದ ಶ್ರೀರಂಗಪಟ್ಟಣ ಇನ್ನೇನು ಬಂತು ಅನ್ನುವಷ್ಟು ದೂರ! ಕ್ಯಾಂಬರ್ ಮಾಡಿದ್ದು ಇಷ್ಟೇ: ಆ ಉಜ್ಜಾಟವೆಲ್ಲ ಒಳ ಅಂಚಿನ ಮೇಲೇ ಬೀಳುವ ಹಾಗೆ ನೋಡಿಕೊಂಡಿತು.

ಇನ್ನೊಂದು ತೊಂದರೆಯೂ ಆಗಲೇ ಅರ್ಥವಾಯಿತು. ನೇರ ಹೋಗುವಾಗಲೂ ಸ್ಟೇರಿಂಗ್ ಚೂರು ಓರೆ ನಿಲ್ಲುತ್ತಿತ್ತು. ಎಡ ಟೋ 22, ಬಲ 3. ವ್ಯತ್ಯಾಸದ ಅರ್ಧ, ಹತ್ತಿರ ಹತ್ತಿರ 10 ಮಿನಿಟ್. ಇದಕ್ಕೆ ಥ್ರಸ್ಟ್ ಆಂಗಲ್ ಅನ್ನುತ್ತಾರೆ. ಹಿಂದಿನ ಚಕ್ರಗಳು ಗಾಡಿಯನ್ನು ಒಂದು ಪಕ್ಕಕ್ಕೆ ತಳ್ಳುತ್ತಿರುತ್ತವೆ, ಮುಂದಿನವು ಅದನ್ನು ಸರಿತೂಗಿಸಲು ತಿರುಗಿಕೊಳ್ಳುತ್ತವೆ. ಹಿಂದೆ ಸರಿಮಾಡದೆ ಮುಂದೆ ಎಷ್ಟು ಸಲ ಟೋ ಮಾಡಿಸಿದರೂ ಈ ಓರೆ ಹೋಗುವುದಿಲ್ಲ.

ಅಂಗಡಿಯೊಂದನ್ನೇ ಅಂದರೆ ನ್ಯಾಯವಲ್ಲ. ಸ್ಪ್ರಿಂಗ್ ಹಾಕಿದ ದಿನವೇ ಅಳತೆಗೆ ಹೋದವನು ನಾನು. ಹೊಸ ಸ್ಪ್ರಿಂಗ್ ಕೂರಲು ಎರಡು ಮೂರು ವಾರ ಬೇಕು. ಇದನ್ನು ನೋಡಲು ಒಂದು ಟೇಪ್ ಸಾಕು. ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರ್ ಗಾಳಿ, ಸವೆತ ಎಲ್ಲ ಲೆಕ್ಕಕ್ಕೆ ಬಂದುಬಿಡುತ್ತವೆ. ನನ್ನದು ಮುಂದೆ 372 ಮಿಮೀ ಇದ್ದದ್ದು ಸ್ಪ್ರಿಂಗ್ ಹಾಕಿದ ದಿನ 350 ಆಗಿತ್ತು. ಏಪ್ರಿಲ್‌ನಲ್ಲಿ ನೋಡಿದರೆ 345. ಆ ಐದು ಮಿಮೀಯಲ್ಲಿ ಅವತ್ತಿನ ಹಸಿರೂ ಹಸಿರಾಗಿ ಉಳಿದಿರಲಿಲ್ಲ.

ಬುಷ್‌ಗಳದ್ದು ಇನ್ನೊಂದು ಕತೆ. ತೋಳುಗಳ ಕೀಲಿನಲ್ಲಿರುವ ರಬ್ಬರ್ ಬುಷ್ ಒಳಗೆ ಕಬ್ಬಿಣದ ಸ್ಲೀವ್ (ಕೊಳವೆ) ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ತೋಳು ಯಾವ ಕೋನದಲ್ಲಿತ್ತೋ ಆ ಕೋನದಲ್ಲಿ ಮಾತ್ರ ರಬ್ಬರ್ ಆರಾಮಾಗಿರುತ್ತದೆ. ಕಂಪನಿಯಲ್ಲಿ ಬಿಗಿದದ್ದು ಹಳೆಯ ಎತ್ತರಕ್ಕೆ. ಸ್ಪ್ರಿಂಗ್ ಹಾಕುವಾಗ ಬಿಚ್ಚಿದ್ದನ್ನು ನಮ್ಮವರು ಬಿಗಿದದ್ದು ಗಾಡಿ ಲಿಫ್ಟ್ ಮೇಲೆ, ಚಕ್ರ ಜೋತಾಡುತ್ತಿದ್ದಾಗ. ಇನ್ನೂ ಕೆಟ್ಟದ್ದು. ಆ ರಬ್ಬರ್ ಸದಾ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿರುತ್ತದೆ, ಬೇಗ ಹರಿಯುತ್ತದೆ. ಸರಿಯಾದ ದಾರಿ ಅಂದರೆ ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಾಗ ಬೋಲ್ಟ್ ಸಡಿಲಿಸಿ, ಗಾಡಿಯನ್ನು ನಾಲ್ಕು ಸಲ ಕುಲುಕಿ, ಅದೇ ಎತ್ತರದಲ್ಲಿ ಬಿಗಿಯುವುದು. ಇದರಿಂದ ಅಲೈನ್‌ಮೆಂಟ್ ಕೆಡುತ್ತದೆ. ಹಾಗಾಗಿ ಅಲೈನ್‌ಮೆಂಟ್ ಮೆಷಿನ್ ಮೇಲೇ ಇದನ್ನೂ ಮಾಡಿಸುವುದು ಒಳ್ಳೆಯದು.

ಎರಡನೇ ಸಲ ಹೋಗುವ ಮುಂಚೆ ಮನೆಯಲ್ಲೇ ಅಳೆದೆ. ಗಾರೆಯವರ ದಾರ ಗಾಡಿಯ ಎರಡೂ ಪಕ್ಕ ಚಕ್ರದ ನಡುವಿನ ಎತ್ತರಕ್ಕೆ ಕಟ್ಟಿದೆ. ಮುಂದಿನ ಜೋಡಿ ಮತ್ತು ಹಿಂದಿನ ಜೋಡಿಯ ಅಗಲ ಒಂದೇ ಇರುವುದಿಲ್ಲ. ಅದಕ್ಕೆ ದಾರದಿಂದ ಚಕ್ರದ ನಡುವಿಗೆ ಇರುವ ದೂರ ಎಡ ಬಲ ಸಮ ಬರುವ ಹಾಗೆ ಸರಿಸುತ್ತಾ ಹೋಗಬೇಕು. ಅರ್ಧ ದಿನ ಹಿಡಿಯಿತು. ನಮ್ಮ ಬೀದಿಯ ನಾಯಿ ಎರಡು ಸಲ ದಾರಕ್ಕೆ ಸಿಕ್ಕಿಕೊಂಡಿತು. ಆಮೇಲೆ ರಿಮ್‌ನ ಮುಂದಿನ ಅಂಚು, ಹಿಂದಿನ ಅಂಚು ಅಳೆದರೆ ಹಿಂದಿನ ಎಡ ಚಕ್ರದಲ್ಲಿ ಮೂರು ಮಿಮೀ ವ್ಯತ್ಯಾಸ, ಬಲದಲ್ಲಿ ಅರ್ಧ ಮಿಮೀಗೂ ಕಡಿಮೆ. 17 ಇಂಚಿನ ರಿಮ್‌ಗೆ ಒಂದು ಮಿಮೀ ಅಂದರೆ ಏಳೆಂಟು ಮಿನಿಟ್. ಪ್ರಿಂಟ್‌ಔಟ್‌ಗೆ ತಾಳೆಯಾಯಿತು. ಕ್ಯಾಂಬರ್‌ಗೆ ಗೋಡೆ ನೇರ ನೋಡುವ ತೂಕದ ಗುಂಡು ಇಳಿಬಿಟ್ಟರೆ ಸಾಕು. ಒಂದೂವರೆ ಡಿಗ್ರಿ ವಾಲಿದ್ದರೆ ರಿಮ್‌ನ ಮೇಲಂಚು ಕೆಳಂಚಿಗಿಂತ ಸುಮಾರು 12 ಮಿಮೀ ಒಳಗಿರುತ್ತದೆ.

ಎರಡನೇ ಅಂಗಡಿಯವರನ್ನು ಎಲ್ಲರೂ ಭಾಯ್ ಅಂತಲೇ ಕರೆಯುವುದು. ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಭಾಯ್, ಹಿಂದಿನ ಎಕ್ಸೆಂಟ್ರಿಕ್ ಬೋಲ್ಟ್ ತಿರುಗಿಸ್ತೀರಾ?" ಅವರು ತಿರುಗಿ ಕೇಳಿದರು: "ಗಾಡಿ ಎಲ್ಲಿಯದು?" ಮಂಗಳೂರು ಅಂದೆ. "ಹಾಗಾದ್ರೆ ಹಿಂದಿನ ದಿನ ಸಾಯಂಕಾಲವೇ ತಂದು ಬಿಡಿ, ಗಾಡಿ ಇಲ್ಲೇ ಇರಲಿ." ಕಡಲ ಕಡೆಯ ಗಾಡಿಗಳಲ್ಲಿ ಬೋಲ್ಟ್ ತುಕ್ಕು ಹಿಡಿದು ಬುಷ್‌ನ ಸ್ಲೀವ್‌ಗೆ ಕಚ್ಚಿಕೊಂಡಿರುತ್ತದಂತೆ. ಸಂಜೆ ಅವರು ಎಲ್ಲಾ ಬೋಲ್ಟ್‌ಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಟ್ಟರು. ಬೆಳಿಗ್ಗೆ ಮೂರು ತಿರುಗಿದವು. ಎಡಗಡೆಯದೊಂದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅದನ್ನು ಕತ್ತರಿಸಿ ಹೊಸ ಬೋಲ್ಟ್, ಹೊಸ ಬುಷ್ ಹಾಕಬೇಕಾಯಿತು. ಅದಕ್ಕೇ ಒಂದು ದಿನ ಹೋಯಿತು.

ಭಾಯ್ ಕೆಲಸಕ್ಕೆ ಮುಂಚೆ ಕೇಳಿದ ಇನ್ನೊಂದು ಪ್ರಶ್ನೆ ನನಗೆ ಬಹಳ ಹಿಡಿಸಿತು. "ಒಬ್ಬರೇ ಓಡಿಸ್ತೀರಾ, ಇಲ್ಲಾ ಫ್ಯಾಮಿಲಿನಾ?" ಹೆಚ್ಚಾಗಿ ಒಬ್ಬನೇ. ಹಾಗಾದರೆ ಡ್ರೈವರ್ ಸೀಟಿನಲ್ಲಿ ನಿಮ್ಮ ತೂಕ ಇರಬೇಕು ಅಂದರು. ಪಕ್ಕದ ದಿನಸಿ ಅಂಗಡಿಯಿಂದ ಮೂರು ಮೂಟೆ ಸೋನಾ ಮಸೂರಿ ತಂದು ಸೀಟಿನಲ್ಲಿ ಪೇರಿಸಿದೆವು. 25 ಕೆಜಿವರೆಗಿನ ಮೂಟೆಗೆ ಜಿಎಸ್‌ಟಿ ಬಂದಾಗಿನಿಂದ ಮೂಟೆ 26 ಕೆಜಿ ಅಲ್ವಾ, ಮೂರಕ್ಕೆ 78. ನನ್ನ ತೂಕ 77. ಅರ್ಧ ಟ್ಯಾಂಕ್ ಪೆಟ್ರೋಲ್, ನಾಲ್ಕೂ ಟೈರ್‌ಗೆ ಸರಿಯಾದ ಗಾಳಿ, ಡಿಕ್ಕಿ ಖಾಲಿ. ಬಂಪರ್ ತಾಗದ ಹಾಗೆ ರ‍್ಯಾಂಪ್ ಮುಂದೆ ಎರಡು ಹಲಗೆ.

ಮೆಷಿನ್ ಮಾಮೂಲಿ ತ್ರೀಡಿ ಕ್ಯಾಮೆರಾದ್ದೇ. ವ್ಯತ್ಯಾಸ ಇದ್ದದ್ದು ಕೈಯಲ್ಲಿ. ರಿಮ್‌ಗೆ ಕ್ಲ್ಯಾಂಪ್ ಕಚ್ಚಿಸಿ ಗಾಡಿಯನ್ನು ಹಿಂದೆ ಮುಂದೆ ಉರುಳಿಸಿದರು. ರಿಮ್ ಸೊಟ್ಟ ಇದ್ದರೆ ಅದರ ತಪ್ಪು ಲೆಕ್ಕದಿಂದ ಕಳೆಯುವುದು ಇದರಿಂದಲೇ. ಮುಂದಿನ ಚಕ್ರದಡಿಯ ಟರ್ನ್ ಪ್ಲೇಟ್ (ತಿರುಗುವ ತಟ್ಟೆ), ಹಿಂದಿನದರಡಿಯ ಸ್ಲಿಪ್ ಪ್ಲೇಟ್ (ಜಾರುವ ತಟ್ಟೆ) ಎರಡರ ಪಿನ್ನೂ ಎಳೆದರು. ಮೊದಲ ಅಂಗಡಿಯಲ್ಲಿ ಹಿಂದೆ ಸ್ಲಿಪ್ ಪ್ಲೇಟೇ ಇರಲಿಲ್ಲ ಅನ್ನುವುದು ಆಗ ನೆನಪಾಯಿತು. ಟೈರ್ ನೆಲಕ್ಕೆ ಕಚ್ಚಿಕೊಂಡಿದ್ದರೆ ಹಿಂದಿನ ತೋಳು ಸರಿಸಿದರೂ ಚಕ್ರ ಪೂರ್ತಿ ಸರಿಯುವುದಿಲ್ಲ.

ಮೊದಲು ಬುಷ್ ಸಡಿಲಿಸಿ ಬಿಗಿದರು. ಆಮೇಲೆ ಹಿಂದಿನ ಕ್ಯಾಂಬರ್, ಹಿಂದಿನ ಟೋ. ಒಂದನ್ನು ಮುಟ್ಟಿದರೆ ಇನ್ನೊಂದು ಓಡುತ್ತದೆ, ಹಾಗಾಗಿ ಮೂರು ನಾಲ್ಕು ಸುತ್ತು. ನಾನು ಕೇಳಿದ್ದು ಕ್ಯಾಂಬರ್ ಮೈನಸ್ 1°30', ಟೋ ಎರಡೂ ಕಡೆ ಪ್ಲಸ್ 0°05'. ಕ್ಯಾಂಬರ್ ಎಡಕ್ಕೆ 1°35'ರಲ್ಲಿ ನಿಂತಿತು. ಇರಲಿ ಬಿಡಿ ಅಂದೆ. ಟೋಗೆ ಮಾತ್ರ ಬಿಡಲಿಲ್ಲ. ಇಲ್ಲೊಂದು ಎಚ್ಚರ: ಕೆಲವು ಮೆಷಿನ್ 1.30 ಅಂತ ತೋರಿಸುತ್ತವೆ. ಅದು ಒಂದು ಡಿಗ್ರಿ ಮೂವತ್ತು ಮಿನಿಟೋ, 1.3 ಡಿಗ್ರಿಯೋ ಕೇಳಿಕೊಳ್ಳಿ. ಎರಡಕ್ಕೂ 12 ಮಿನಿಟ್ ವ್ಯತ್ಯಾಸ ಇದೆ.

ಮುಂದೆ ಕ್ಯಾಂಬರ್‌ಗೆ ಬೋಲ್ಟ್ ಇಲ್ಲ. ಎಡ ಮೈನಸ್ 1°05', ಬಲ ಮೈನಸ್ 0°40' ಇತ್ತು. ಇಂಥ ಗಾಡಿಯಲ್ಲಿ ಸಬ್‌ಫ್ರೇಮ್ (ಮುಂದಿನ ತೋಳುಗಳು ಕೂತಿರುವ ಚೌಕಟ್ಟು) ಸಡಿಲಿಸಿ ಒಂದೆರಡು ಮಿಮೀ ಪಕ್ಕಕ್ಕೆ ಸರಿಸುತ್ತಾರೆ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಕೂಡುತ್ತದೆ, ಒಟ್ಟು ಬದಲಾಗುವುದಿಲ್ಲ. ಎರಡೂ 0°52'ರ ಆಸುಪಾಸು ಬಂದವು. ಆ ಬೋಲ್ಟ್‌ಗಳನ್ನು ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ, ಹೊಸದು ಮೊದಲೇ ತರಿಸಿಟ್ಟಿದ್ದೆ. ಕೊನೆಗೆ ಸ್ಟೇರಿಂಗ್ ನೇರ ಲಾಕ್ ಮಾಡಿ ಮುಂದಿನ ಟೋ. ಒಟ್ಟು ಬಿಲ್ ಬುಷ್ ಬಿಟ್ಟು 3,500 ರೂಪಾಯಿ.

ಮುಗಿದ ಮೇಲೆ ಲ್ಯಾಪ್‌ಟಾಪ್ ಹಾಕಿ ಸ್ಟೇರಿಂಗ್ ಆಂಗಲ್ ಸೆನ್ಸರನ್ನು ಹೊಸ ಸೊನ್ನೆಗೆ ಕೂರಿಸಿದರು. ಇಲ್ಲದಿದ್ದರೆ ನೇರ ಹೋಗುವಾಗಲೂ, ಗಾಡಿ ಜಾರದ ಹಾಗೆ ನೋಡಿಕೊಳ್ಳುವ ಇಎಸ್‌ಪಿಗೆ ಸ್ಟೇರಿಂಗ್ ತಿರುಗಿದ ಹಾಗೆ ಕಾಣುತ್ತದೆ. ಹೆಡ್‌ಲೈಟ್‌ದೂ ಆಗಬೇಕಿತ್ತು. ತಾನೇ ಎತ್ತರ ಹೊಂದಿಸಿಕೊಳ್ಳುವ ಲೈಟ್ ಇದ್ದರೆ ಅದರ ಸೆನ್ಸರ್ ಸಸ್ಪೆನ್ಷನ್ ತೋಳಿಗೇ ಕಟ್ಟಿರುತ್ತದೆ. ಮೂರು ತಿಂಗಳು ನಾನು ಲೈಟ್ ಎಲ್ಲೆಲ್ಲಿಗೋ ಬಿಟ್ಟುಕೊಂಡು ಓಡಿಸಿದ್ದೆ.

ರಿಂಗ್ ರೋಡ್‌ನಲ್ಲಿ ನೋಡಿದೆ. ಸ್ಟೇರಿಂಗ್ ನೆಟ್ಟಗಿತ್ತು. ಕೈ ಬಿಟ್ಟರೆ ಚೂರು ಎಡಕ್ಕೆ ಜಾರುತ್ತಿತ್ತು, ಆದರೆ ನಮ್ಮ ರಸ್ತೆಗಳೇ ಎಡಕ್ಕೆ ಇಳಿಜಾರು. ನಡುವಿನ ಲೇನ್‌ಗೆ ಬಂದಾಗ ಆ ಎಳೆತ ಇರಲಿಲ್ಲ. ಗುಂಯ್ ಮಾತ್ರ ಹೋಗಲಿಲ್ಲ. ಒಮ್ಮೆ ಹಲ್ಲು ಬಿದ್ದ ಟೈರ್ ಅಲೈನ್‌ಮೆಂಟ್‌ನಿಂದ ನುಣುಪಾಗುವುದಿಲ್ಲ. ಹಿಂದಿನವೆರಡನ್ನೂ ಬದಲಿಸಿದೆ.

ಆಯುಧಪೂಜೆಗೆ ಗಾಡಿ ತೊಳೆಯುವಾಗ ಹೊಸ ಟೈರಿನ ಆಳ ಅಳೆದೆ. 5,000 ಕಿಮೀ ಆಗಿತ್ತು. ಒಳಗಡೆ 6.6 ಮಿಮೀ, ಹೊರಗಡೆ 6.8. ಕೈ ಎರಡೂ ಕಡೆಗೆ ಸವರಿದೆ. ನಿಂಬೆಹಣ್ಣು ಹಿಡಿದು ನಿಂತಿದ್ದ ಅಮ್ಮ, "ಟೈರ್ ಸವರಿದ್ದು ಸಾಕು, ಗಾಡಿ ಮುಂದೆ ತಗೋ" ಅಂದರು.